ಬ್ರೈನ್ ಟ್ಯೂಮರ್ ಟೆಸ್ಟಿಗೆ ಮಗೂನೇ ಹೋಗ್ಬೇಕಾ, ಸ್ಯಾಂಪಲ್ ಹೋದ್ರೆ ಸಾಲ್ದಾ?

"ಆಪರೇಷನ್ ಇಲ್ದೇನೇ ಮಕ್ಕಳ ಬ್ರೈನ್ ಟ್ಯೂಮರ್ ಪತ್ತೆ, ಒಂದು ಸೂಜಿ ಸಾಕು" ಅನ್ನೋ ತರದ ಫಾರ್ವರ್ಡ್‌ಗಳು ಇತ್ತೀಚೆಗೆ ಜಾಸ್ತಿ ಆಗಿವೆ. ಹಾಸನದಲ್ಲಿ ಲ್ಯಾಬಲ್ಲಿ ಕೆಲ್ಸ ಮಾಡೋ ನನ್ನಂಥೋರಿಗೆ ಇದರ ಕಾಟ ಇನ್ನೂ ಸ್ವಲ್ಪ ಜಾಸ್ತಿ, ಗೊತ್ತಿರೋರೆಲ್ಲ ಕಳ್ಸಿ "ಇದು ನಿಮ್ಮಲ್ಲಿ ಆಗುತ್ತಾ ಸಾರ್, ಎಷ್ಟಾಗುತ್ತೆ" ಅಂತ ಕೇಳ್ತಾರೆ. ನಮ್ಮಲ್ಲಿ ಆಗಲ್ಲ. ಹಾಗಂತ ಸುದ್ದಿ ಪೂರ್ತಿ ಸುಳ್ಳೂ ಅಲ್ಲ, ಬೆನ್ನಿಂದ ಸೂಜಿಯಲ್ಲಿ ತೆಗೆದ ನೀರಲ್ಲಿ ಗೆಡ್ಡೆಯ ಡಿಎನ್‌ಎ ಹುಡುಕೋ ಟೆಸ್ಟ್ ಇದೆ, ಅಷ್ಟು ಅರ್ಧ ನಿಜ, ಆದ್ರೆ ಆ ಅರ್ಧದಿಂದ ನಮ್ಮಂಥ ಜಿಲ್ಲೆಗೆ ಆಗಬಹುದಾದ ಲಾಭ ಇದ್ಯಲ್ಲ, ಅದರ ಬಗ್ಗೆ ಈ ಫಾರ್ವರ್ಡ್‌ಗಳಲ್ಲಿ ಒಂದು ಸಾಲೂ ಇರಲ್ಲ.

ಮೊದ್ಲು ಈ ಮಾಲಿಕ್ಯುಲರ್ ಟೆಸ್ಟ್, ಅಂದ್ರೆ ಗೆಡ್ಡೆಯ ಜೀನ್ ನೋಡೋ ಟೆಸ್ಟ್, ಯಾಕೆ ಬೇಕು ಅಂತ ನೋಡೋಣ. ಮಕ್ಕಳಿಗೆ ಬರೋ ಕ್ಯಾನ್ಸರ್‌ಗಳಲ್ಲಿ ಲ್ಯುಕೀಮಿಯಾ (ರಕ್ತದ ಕ್ಯಾನ್ಸರ್) ಬಿಟ್ರೆ ಎರಡನೇ ಜಾಗ ಮೆದುಳಿನ ಗೆಡ್ಡೆಗಳದ್ದು. ಮುಂಚೆ ಏನಿತ್ತು, ಗೆಡ್ಡೆಯ ಚೂರನ್ನ ಸ್ಲೈಡ್ ಮೇಲಿಟ್ಟು ಮೈಕ್ರೋಸ್ಕೋಪಲ್ಲಿ ನೋಡಿ ಹೆಸರು ಹೇಳೋರು, ಅಷ್ಟೇ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ವರ್ಗೀಕರಣಕ್ಕೆ ಜೀನ್ ಬದಲಾವಣೆಗಳನ್ನ ಸೇರಿಸಿತು, 2021ರ ಐದನೇ ಆವೃತ್ತಿ ಬರೋ ಹೊತ್ತಿಗೆ ಎಷ್ಟೋ ಗೆಡ್ಡೆಗಳಿಗೆ ಜೀನ್ ರಿಪೋರ್ಟ್ ಇಲ್ದೆ ಪೂರ್ತಿ ಹೆಸರೇ ಇಡೋಕಾಗಲ್ಲ ಅನ್ನೋ ಹಂತಕ್ಕೆ ಬಂತು. ಉದಾಹರಣೆಗೆ ಮೆಡುಲ್ಲೋಬ್ಲಾಸ್ಟೋಮಾ ತಗೊಳ್ಳಿ, ತಲೆ ಹಿಂಭಾಗದಲ್ಲಿ ಕಿರುಮೆದುಳಿನ ಹತ್ರ ಬರೋದು, ಮಕ್ಕಳಲ್ಲಿ ಕಾಣೋ ಕೆಟ್ಟ ಗೆಡ್ಡೆಗಳಲ್ಲಿ ಮುಖ್ಯವಾದ್ದು. ಸ್ಲೈಡಲ್ಲಿ ಹೆಚ್ಚುಕಮ್ಮಿ ಒಂದೇ ತರ ಕಂಡ್ರೂ ಒಳಗೆ ಅದು ನಾಲ್ಕು ಗುಂಪು: ಡಬ್ಲ್ಯೂಎನ್‌ಟಿ, ಎಸ್‌ಎಚ್‌ಎಚ್, ಗ್ರೂಪ್ 3, ಗ್ರೂಪ್ 4. ಡಬ್ಲ್ಯೂಎನ್‌ಟಿ ಗುಂಪಿನ ಮಕ್ಕಳಲ್ಲಿ ಸರಿಯಾದ ಚಿಕಿತ್ಸೆ ಸಿಕ್ಕಿದ್ರೆ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಮಕ್ಕಳು ಉಳೀತಾರೆ, ಗ್ರೂಪ್ 3 ಹರಡಿ ಬಂದಿದ್ರೆ ಕಥೆ ಬೇರೇನೇ.

ಇದು ಬರೀ ಭವಿಷ್ಯ ಹೇಳೋ ವಿಷಯ ಆಗಿದ್ರೆ ನಾನು ಇಷ್ಟುದ್ದ ಬರೀತಿರಲಿಲ್ಲ. ಚಿಕಿತ್ಸೆಯ ಡೋಸೇ ಇದರ ಮೇಲೆ ನಿಂತಿದೆ. ಸಾಮಾನ್ಯ ಅಪಾಯದ ಮಗುವಿಗೆ ಇಡೀ ಮೆದುಳು ಮತ್ತು ಬೆನ್ನುಹುರಿಗೆ 23.4 ಗ್ರೇ (ರೇಡಿಯೇಷನ್ ಅಳೆಯೋ ಮಾನ) ರೇಡಿಯೇಷನ್, ಜಾಸ್ತಿ ಅಪಾಯ ಇದ್ರೆ 36 ಗ್ರೇ ಹತ್ರ, ಅದರ ಮೇಲೆ ಗೆಡ್ಡೆ ಇದ್ದ ಜಾಗಕ್ಕೆ ಬೇರೆ. ಏಳೆಂಟು ವರ್ಷದ ಮಗುವಿನ ಮೆದುಳಿಗೆ ಅಷ್ಟು ಕೊಟ್ರೆ ಆಮೇಲೆ ಓದು ನಿಧಾನ ಆಗುತ್ತೆ, ಎತ್ತರ ಬೆಳೆಯಲ್ಲ, ಥೈರಾಯ್ಡ್ ಗ್ರೋತ್ ಹಾರ್ಮೋನ್ ಎಲ್ಲ ಏರುಪೇರು, ಕೆಲವರಿಗೆ ಕಿವಿ ಮಂದ ಆಗುತ್ತೆ. ಹಾಗಾಗಿ ಒಳ್ಳೆ ಗುಂಪಿನ ಮಕ್ಕಳಿಗೆ ಡೋಸ್ ಕಮ್ಮಿ ಮಾಡಬಹುದಾ ಅಂತ ಎಲ್ಲ ಕಡೆ ನೋಡ್ತಿದ್ದಾರೆ. ಮುಂಬೈನ ಟಾಟಾ ಮೆಮೋರಿಯಲ್‌ನೋರು ಡಬ್ಲ್ಯೂಎನ್‌ಟಿ ಮಕ್ಕಳಿಗೆ ಇಡೀ ಮೆದುಳು ಬೆನ್ನುಹುರಿಗೆ ಕೊಡೋ ರೇಡಿಯೇಷನ್ ಬಿಟ್ಟು ಗೆಡ್ಡೆ ಇದ್ದ ಜಾಗಕ್ಕೆ ಮಾತ್ರ ಕೊಟ್ಟು ನೋಡಿದ್ರು, ಆದ್ರೆ ಕೆಲವು ಮಕ್ಕಳಲ್ಲಿ ಬೇರೆ ಜಾಗದಲ್ಲಿ ಕಾಯಿಲೆ ತಿರುಗಿ ಬಂತು, ಅಧ್ಯಯನ ಅರ್ಧಕ್ಕೇ ನಿಲ್ಲಿಸ್ಬೇಕಾಯ್ತು. ಅಂದ್ರೆ ಒಳ್ಳೆ ಗುಂಪು ಅಂತ ಗೊತ್ತಾದ್ರಷ್ಟೇ ಸಾಲ್ದು, ಚಿಕಿತ್ಸೆ ನಡೀವಾಗ್ಲೂ ಆಮೇಲೂ ಒಳಗೆ ಕಾಯಿಲೆ ಉಳಿದಿದ್ಯಾ ಇಲ್ವಾ ಅಂತ ಮತ್ತೆ ಮತ್ತೆ ನೋಡೋಕೆ ಒಂದು ದಾರಿ ಬೇಕು. ಪದೇ ಪದೇ ತಲೆ ತೆರೆದು ನೋಡೋಕಾಗುತ್ತಾ?

ಅಲ್ಲಿಗೇ ಬರೋದು ಬೆನ್ನಿಂದ ತೆಗೆಯೋ ನೀರು, ಸಿಎಸ್‌ಎಫ್ ಅಂತಾರಲ್ಲ ಅದು. ಮೆದುಳು ಮತ್ತು ಬೆನ್ನುಹುರಿ ಸುತ್ತ ಈ ನೀರು ಸದಾ ಹರೀತಿರುತ್ತೆ, ದೊಡ್ಡೋರಲ್ಲಿ ಯಾವ ಹೊತ್ತಿಗೂ ಸುಮಾರು 150 ಎಂಎಲ್ ಇರುತ್ತೆ, ದಿನಕ್ಕೆ ಹೊಸದಾಗಿ 500 ಎಂಎಲ್‌ನಷ್ಟು ಹುಟ್ಟುತ್ತೆ, ಹಳೇದು ರಕ್ತಕ್ಕೆ ಸೇರ್ಕೊಂಡು ಹೋಗ್ತಿರುತ್ತೆ. ಗೆಡ್ಡೆಯ ಜೀವಕೋಶಗಳು ಸತ್ತಾಗ ಅವುಗಳ ಡಿಎನ್‌ಎ ಚೂರುಚೂರಾಗಿ ಈ ನೀರಿಗೆ ಬೀಳುತ್ತೆ, ಒಂದೊಂದು ಚೂರು 160-170 ಅಕ್ಷರದಷ್ಟು ಉದ್ದ. ಸಕಲೇಶಪುರ ಮೂಡಿಗೆರೆ ಕಡೆಯೋರಿಗೆ ಹೇಳ್ಬೇಕಂದ್ರೆ, ಮೇಲಿನ ಎಸ್ಟೇಟಲ್ಲಿ ಕಾಫಿ ಹಣ್ಣಿನ ಪಲ್ಪಿಂಗ್ ಶುರುವಾದ್ರೆ ಕೆಳಗೆ ಹಳ್ಳದ ನೀರಿನ ಬಣ್ಣ ವಾಸನೆ ನೋಡಿಯೇ ಗೊತ್ತಾಗಲ್ವಾ, ಎಸ್ಟೇಟ್ ಒಳಗೆ ಹೋಗ್ಬೇಕಾ, ಹಾಗೆ. ರಕ್ತದಲ್ಲೂ ಹುಡುಕಬಹುದು, ಆದ್ರೆ ಮೆದುಳಿಗೂ ರಕ್ತಕ್ಕೂ ಮಧ್ಯೆ ಒಂದು ತಡೆ ಇರೋದ್ರಿಂದ ಅಲ್ಲಿಗೆ ದಾಟಿ ಬರೋದು ಬಹಳ ಕಮ್ಮಿ, ಬಂದಿದ್ದೂ ಬೇರೆ ಜೀವಕೋಶಗಳ ಡಿಎನ್‌ಎ ರಾಶಿಯಲ್ಲಿ ಕಳ್ದೋಗುತ್ತೆ. ಶ್ವಾಸಕೋಶದ ಕ್ಯಾನ್ಸರಿಗೆ ಬ್ಲಡ್ ಟೆಸ್ಟ್ ಆಗುತ್ತೆ ಇದಕ್ಕೆ ಯಾಕಾಗಲ್ಲ ಅಂತ ಕೇಳೋರಿಗೆ ಉತ್ತರ ಇದೇ.

ರಕ್ತದಲ್ಲಿ ಹೀಗೆ ಬಿಡಿ ಡಿಎನ್‌ಎ ಇರುತ್ತೆ ಅಂತ 1948ರಲ್ಲೇ ಕಂಡುಹಿಡಿದಿದ್ರು. 1997ರಲ್ಲಿ ಗರ್ಭಿಣಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಸಿಕ್ಕಿದ್ಮೇಲೆ ಅದು ದೊಡ್ಡ ವ್ಯಾಪಾರ ಆಯ್ತು, ಇವತ್ತು ಎನ್‌ಐಪಿಟಿ (ಹೊಟ್ಟೆಯಲ್ಲಿರೋ ಮಗುವಿನ ಕ್ರೋಮೋಸೋಮ್ ನೋಡೋ ಬ್ಲಡ್ ಟೆಸ್ಟ್) ಹೆಸರಲ್ಲಿ ಜಿಲ್ಲಾ ಕೇಂದ್ರಗಳಿಂದ್ಲೂ ಸ್ಯಾಂಪಲ್ ಹೋಗುತ್ತೆ. ಅದೇ ತಂತ್ರ, ಬೇರೆ ನೀರು.

ಈಗ ಆ ಅರ್ಧ ಸುಳ್ಳಿನ ವಿಷಯ. "ಆಪರೇಷನ್ ಬೇಡ" ಅನ್ನೋದು ಬಹಳಷ್ಟು ಮಕ್ಕಳಿಗೆ ಅನ್ವಯ ಆಗಲ್ಲ. ಮೆಡುಲ್ಲೋಬ್ಲಾಸ್ಟೋಮಾ ಇರೋ ಮಗು ಆಸ್ಪತ್ರೆಗೆ ಬರೋದೇ ಆ ನೀರಿನ ದಾರಿ ಬ್ಲಾಕ್ ಆಗಿ ತಲೆ ಒಳಗೆ ಪ್ರೆಷರ್ ಏರಿ ಬೆಳಗಾಗೆದ್ದು ವಾಂತಿ ಮಾಡ್ಕೊಳ್ತಾ. ಅಲ್ಲಿ ಗೆಡ್ಡೆ ತೆಗೆಯೋದು ಟೆಸ್ಟಿಗಲ್ಲ, ಅದೇ ಚಿಕಿತ್ಸೆ. ಮತ್ತೆ ಹಾಗೆ ಪ್ರೆಷರ್ ಇರೋ ಮಗುವಿಗೆ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದ್ರೆ ಮೆದುಳು ಕೆಳಗೆ ಜಾರಿ ಜೀವಕ್ಕೇ ಅಪಾಯ. "ಸೂಜಿ ಸಾಕು" ಅಂತ ಫಾರ್ವರ್ಡ್ ಮಾಡೋರಿಗೆ ಈ ಒಂದು ವಾಕ್ಯ ಯಾರಾದ್ರೂ ಸೇರಿಸಿ ಕಳಿಸ್ಬೇಕು. ಸ್ಕ್ಯಾನ್ ಆಗದೆ, ನ್ಯೂರೋ ಡಾಕ್ಟರ್ ಹೇಳದೆ ಎಲ್‌ಪಿ (ಬೆನ್ನಿಂದ ಹೀಗೆ ನೀರು ತೆಗೆಯೋದು) ಮಾಡಿಸೋ ಮಾತೇ ಇಲ್ಲ.

ಹಾಗಾದ್ರೆ ಎಲ್ಲಿ ನಿಜವಾಗ್ಲೂ ಉಪಯೋಗ? ಕತ್ತಿ ಹೋಗೋಕೆ ಹೆದರೋ ಜಾಗದಲ್ಲಿ. ಮೆದುಳಿನ ಕಾಂಡ, ಅದರಲ್ಲೂ ಪಾನ್ಸ್ ಅನ್ನೋ ಭಾಗ, ಉಸಿರಾಟ ನುಂಗೋದು ಕಣ್ಣು ಮುಖ ಆಡಿಸೋದು ಎಲ್ಲದರ ತಂತಿಗಳು ಅಲ್ಲಿಂದ್ಲೇ ಹಾದುಹೋಗ್ತವೆ. ಅಲ್ಲಿ ಬರೋ ಡಿಐಪಿಜಿ ಅನ್ನೋ ಗೆಡ್ಡೆಯನ್ನ ದಶಕಗಳ ಕಾಲ ಬರೀ ಎಂಆರ್‌ಐ ನೋಡಿಯೇ ತೀರ್ಮಾನ ಮಾಡ್ತಿದ್ರು, ಬಯಾಪ್ಸಿ, ಅಂದ್ರೆ ಪರೀಕ್ಷೆಗೆ ಚೂರು ತೆಗೆಯೋದು, ಯಾರೂ ಮುಟ್ತಿರಲಿಲ್ಲ. ಆಮೇಲೆ ಫ್ರಾನ್ಸಿನ ಸರ್ಜನ್‌ಗಳು ಸೂಜಿ ಬಯಾಪ್ಸಿ ಸಾಧ್ಯ ಅಂತ ತೋರಿಸಿದ್ರು, 2012ರಲ್ಲಿ ಇದರ ಬಹುಪಾಲು ಗೆಡ್ಡೆಗಳಲ್ಲಿ ಒಂದೇ ಬದಲಾವಣೆ ಇದೆ ಅಂತ ಗೊತ್ತಾಯ್ತು: ಹಿಸ್ಟೋನ್ ಎಚ್3 ಪ್ರೋಟೀನಿನ 27ನೇ ಜಾಗದಲ್ಲಿ ಲೈಸಿನ್ ಇರ್ಬೇಕಾದಲ್ಲಿ ಮೆಥಿಯೋನಿನ್, ಡಿಎನ್‌ಎ ಲೆಕ್ಕದಲ್ಲಿ ಒಂದೇ ಒಂದು ಅಕ್ಷರ ತಪ್ಪು. ಎಚ್3 ಕೆ27ಎಂ ಅಂತ ಕರೆಯೋದು ಇದನ್ನೇ. ಒಂದೇ ಅಕ್ಷರ ಆಗಿರೋದ್ರಿಂದ ಹುಡುಕೋದೂ ಸುಲಭ, ಡ್ರಾಪ್ಲೆಟ್ ಡಿಜಿಟಲ್ ಪಿಸಿಆರ್ ಅನ್ನೋ ಮಿಷನ್‌ನಲ್ಲಿ ಸ್ಯಾಂಪಲ್ಲನ್ನ ಸುಮಾರು 20,000 ಸಣ್ಣ ಹನಿ ಮಾಡಿ ಒಂದೊಂದರಲ್ಲೂ ಆ ತಪ್ಪು ಅಕ್ಷರ ಇದ್ಯಾ ಅಂತ ನೋಡ್ತಾರೆ, ಸಾವಿರಾರು ಸರಿ ಚೂರುಗಳ ಮಧ್ಯೆ ಬೆರಳೆಣಿಕೆ ತಪ್ಪು ಚೂರು ಇದ್ರೂ ಸಿಗುತ್ತೆ.

ಸಿಕ್ಕಿ ಏನು ಪ್ರಯೋಜನ ಅಂತ ಹತ್ತು ವರ್ಷದ ಹಿಂದೆ ಕೇಳಿದ್ರೆ ಉತ್ತರ ಇರಲಿಲ್ಲ. ಈ ಗೆಡ್ಡೆ ಬಂದ ಬಹುತೇಕ ಮಕ್ಕಳು ಎರಡು ವರ್ಷದೊಳಗೇ ಹೋಗ್ಬಿಡ್ತಾರೆ, ಇದನ್ನ ಮುಚ್ಚಿಟ್ಟು ಬರೆಯೋಕಾಗಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬದಲಾವಣೆ ಇರೋ, ಚಿಕಿತ್ಸೆ ಆದ್ಮೇಲೂ ಬೆಳೀತಿರೋ ಗೆಡ್ಡೆಗೆ ಡಾರ್ಡವಿಪ್ರೋನ್ ಅನ್ನೋ ಮಾತ್ರೆಗೆ ಷರತ್ತಿನ ಒಪ್ಪಿಗೆ ಕೊಡ್ತು, 50 ರೋಗಿಗಳಲ್ಲಿ ನೂರಕ್ಕೆ 22 ಜನರಿಗೆ ಗೆಡ್ಡೆ ಕುಗ್ಗಿತ್ತು. ದೊಡ್ಡ ಸಂಖ್ಯೆ ಅಲ್ಲ, ಆದ್ರೆ ಏನೂ ಇಲ್ದಿದ್ದ ಕಡೆ ಏನೋ ಒಂದು. ಆ ಮಾತ್ರೆ ಬೇಕಂದ್ರೆ ಕೆ27ಎಂ ಇದೆ ಅಂತ ರಿಪೋರ್ಟ್ ಬೇಕು.

ಎರಡನೇ ಉಪಯೋಗ ಫಾಲೋಅಪ್‌ನಲ್ಲಿ, ನನ್ನ ಪ್ರಕಾರ ಅಸಲಿ ವಿಷಯ ಇದೇ. ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯೋರು 2021ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು, ಮೆಡುಲ್ಲೋಬ್ಲಾಸ್ಟೋಮಾ ಇದ್ದ 123 ಮಕ್ಕಳಿಂದ ಚಿಕಿತ್ಸೆಯ ಬೇರೆ ಬೇರೆ ಹಂತದಲ್ಲಿ ತೆಗೆದು ಫ್ರೀಜ್ ಮಾಡಿಟ್ಟಿದ್ದ 476 ಸಿಎಸ್‌ಎಫ್ ಸ್ಯಾಂಪಲ್. ಇಡೀ ಜೀನೋಮನ್ನ ಆಳವಾಗಿ ಓದೋ ದುಬಾರಿ ಕೆಲ್ಸಕ್ಕೆ ಹೋಗದೆ ಮೇಲುಮೇಲಕ್ಕೆ ಓದಿ, ಯಾವ ಕ್ರೋಮೋಸೋಮ್ ತುಂಡು ಜಾಸ್ತಿ ಇದೆ ಯಾವುದು ಕಮ್ಮಿ ಇದೆ ಅಂತ ಲೆಕ್ಕ ಹಾಕಿದ್ರು. ಕಾಯಿಲೆ ತಿರುಗಿ ಬಂದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಎಂಆರ್‌ಐನಲ್ಲಿ ಕಾಣೋಕೂ ಮುಂಚೆ ನೀರಲ್ಲಿ ಸುಳಿವು ಸಿಕ್ಕಿತ್ತು. ಇನ್ನರ್ಧಕ್ಕೆ ಸಿಕ್ಕಿರಲಿಲ್ಲ ಅನ್ನೋದನ್ನೂ ಅಷ್ಟೇ ಜೋರಾಗಿ ಹೇಳ್ಬೇಕು.

ಯಾಕಂದ್ರೆ ನೆಗೆಟಿವ್ ರಿಪೋರ್ಟ್ ಅಂದ್ರೆ ಕಾಯಿಲೆ ಇಲ್ಲ ಅಂತಲ್ಲ. ಪೈಲೋಸೈಟಿಕ್ ಆಸ್ಟ್ರೋಸೈಟೋಮಾ ತರದ ನಿಧಾನ ಬೆಳೆಯೋ ಗೆಡ್ಡೆಗಳು ಮಕ್ಕಳಲ್ಲಿ ಜಾಸ್ತಿ, ಅವು ನೀರಿಗೆ ಡಿಎನ್‌ಎ ಬಿಡೋದೇ ಕಮ್ಮಿ. ಗೆಡ್ಡೆ ನೀರಿನ ದಾರಿಯಿಂದ ದೂರ ಒಳಗೆಲ್ಲೋ ಹುದುಗಿದ್ರೆ ಅದೂ ಕಷ್ಟ. ಅದೇ ಗೆಡ್ಡೆಗಳಿಗೆ ಈಗ ಒಳ್ಳೆ ಔಷಧಿ ಇರೋದು ಬೇರೆ ವಿಪರ್ಯಾಸ: ಬಿಆರ್‌ಎಎಫ್ ವಿ600ಇ ಅನ್ನೋ ಜೀನ್ ಬದಲಾವಣೆ ಇದ್ರೆ ಡಬ್ರಾಫೆನಿಬ್ ಟ್ರಾಮೆಟಿನಿಬ್ ಜೋಡಿಗೆ 2023ರಲ್ಲಿ, ಮತ್ತೆ ಮರುಕಳಿಸಿದ ಬಿಆರ್‌ಎಎಫ್ ಗೆಡ್ಡೆಗಳಿಗೆ ಟೊವೊರಾಫೆನಿಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಔಷಧಿ ಇರೋ ಕಡೆ ನೀರು ಮಾತಾಡಲ್ಲ, ನೀರು ಚೆನ್ನಾಗಿ ಮಾತಾಡೋ ಕಡೆ ಔಷಧಿ ಕಮ್ಮಿ, ಸದ್ಯದ ಪರಿಸ್ಥಿತಿ ಹೀಗಿದೆ. ಹಾಗೇ ಜರ್ಮ್ ಸೆಲ್ ಗೆಡ್ಡೆ ಅಂತ ಒಂದು ಜಾತಿ ಇದೆ, ಅದಕ್ಕೆ ರಕ್ತದಲ್ಲೋ ಸಿಎಸ್‌ಎಫ್‌ನಲ್ಲೋ ಎಎಫ್‌ಪಿ, ಬೀಟಾ ಎಚ್‌ಸಿಜಿ ಅನ್ನೋ ಪ್ರೋಟೀನ್‌ಗಳು ಏರಿದ್ರೆ ಬಯಾಪ್ಸಿ ಇಲ್ದೇನೇ ಚಿಕಿತ್ಸೆ ಶುರು ಮಾಡ್ತಾರೆ, ಇದು ಎಷ್ಟೋ ವರ್ಷದಿಂದ ನಡೀತಿದೆ, ಸಾಮಾನ್ಯ ಟೆಸ್ಟು, ಇದಕ್ಕೆ ಯಾರೂ ಹೆಡ್‌ಲೈನ್ ಮಾಡ್ಲಿಲ್ಲ.

ಇನ್ನೊಂದು, ತಲೆನೋವು ಬಂದೋರೆಲ್ಲ ಹೋಗಿ ಮಾಡಿಸೋ ಟೆಸ್ಟ್ ಇದಲ್ಲ. 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ಎದ್ದಾಗ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ ಕ್ಯೂ ನಿಂತಿದ್ದು ನೆನಪಿದ್ಯಲ್ಲ, ಹೆದರಿಕೆಗೆ ಟೆಸ್ಟ್ ಮಾಡಿಸೋದು ನಮ್ಗೆ ಬೇಗ ಅಂಟುತ್ತೆ, ಅದಕ್ಕೇ ಹೇಳ್ದೆ.

ಈಗ ನನ್ನ ಬೆಂಚಿನ ವಿಷಯಕ್ಕೆ ಬರ್ತೀನಿ. ಸಿಎಸ್‌ಎಫ್ ಬಂದ್ರೆ ಹೇಗೆ ಬರುತ್ತೆ ಅಂದ್ರೆ ಮೂರು ಸಣ್ಣ ಟ್ಯೂಬು, ಮೇಲೆ ಒಂದು ಎರಡು ಮೂರು ಅಂತ ಬರೆದಿರುತ್ತೆ, ಚೆನ್ನಾಗಿ ಬಂದಿದ್ರೆ ಬಿಸ್ಲೇರಿ ನೀರಿನಷ್ಟೇ ತಿಳಿ, ಸೂಜಿ ರಕ್ತನಾಳಕ್ಕೆ ತಾಗಿದ್ರೆ ಮೊದಲನೇ ಟ್ಯೂಬಲ್ಲಿ ಮಾತ್ರ ಕೆಂಪು ಇದ್ದು ಮೂರನೇದಕ್ಕೆ ಬರೋ ಹೊತ್ತಿಗೆ ತಿಳಿಯಾಗಿರುತ್ತೆ. ಶುಗರ್ ಪ್ರೋಟೀನ್‌ಗೆ ಒಂದು, ಕಲ್ಚರ್‌ಗೆ ಒಂದು, ಸೆಲ್ ಕೌಂಟ್‌ಗೆ ಒಂದು. ಕೌಂಟ್ ಬೇಗ ಮಾಡ್ಬೇಕು, ಇಟ್ರೆ ಜೀವಕೋಶ ಒಡೆದು ಹೋಗ್ತವೆ. ಕ್ಯಾನ್ಸರ್ ಸೆಲ್ ನೋಡಿ ಅಂತ ಬರೆದಿದ್ರೆ ಸೈಟಾಲಜಿಗೆ ಅದನ್ನ ಸೆಂಟ್ರಿಫ್ಯೂಜಲ್ಲಿ ತಿರುಗಿಸಿ, ತಳದಲ್ಲಿ ಕೂತಿರೋ ಕಣ್ಣಿಗೆ ಕಾಣಿಸೋದೇ ಕಷ್ಟ ಅನ್ನೋಷ್ಟು ಸಣ್ಣ ಚುಕ್ಕೆಯನ್ನ ತಗೊಂಡು ಸ್ಲೈಡ್ ಮಾಡ್ತೀವಿ. ಮೇಲಿನ ತಿಳಿನೀರು? ಸಿಂಕಿಗೆ, ಅಂದ್ರೆ ಕ್ರಿಮಿ ಕೊಲ್ಲೋ ಹೈಪೋ ದ್ರಾವಣಕ್ಕೆ ಹೋಗಿ ಆಮೇಲೆ ಸಿಂಕಿಗೆ.

ಆದ್ರೆ ಬಿಡಿ ಡಿಎನ್‌ಎ ಇರೋದು ಆ ಮೇಲಿನ ತಿಳಿನೀರಲ್ಲೇ! ಸೈಟಾಲಜಿಗೆ ಇಡೀ ಜೀವಕೋಶ ಬೇಕು, ಅದು ಸಿಗೋದು ಅಪರೂಪ, ಕಾಯಿಲೆ ಹರಡಿದ್ದಾಗ್ಲೂ ಎಷ್ಟೋ ಸಲ ನೆಗೆಟಿವ್ ಬರುತ್ತೆ. ಆ ಕಡೆ ನಾವು ಕೆಲ್ಸ ಮುಗೀತು ಅಂತ ಚೆಲ್ಲೋ ನೀರನ್ನ ಒಂದು ಎಂಎಲ್ ಎರಡು ಎಂಎಲ್ ಸಣ್ಣ ಕ್ರಯೋ ಟ್ಯೂಬಿಗೆ ಹಾಕಿ ಹೆಸರು ದಿನಾಂಕ ಬರೆದು ಡೀಪ್ ಫ್ರೀಜರಲ್ಲಿ ಇಟ್ಟಿದ್ರೆ ಆಮೇಲೆ ಟೆಸ್ಟ್ ಮಾಡೋಕೆ ಬರುತ್ತೆ. ಸೇಂಟ್ ಜೂಡ್‌ನೋರ ಅಧ್ಯಯನ ಆಗಿದ್ದೂ ಹೀಗೆ ಎತ್ತಿಟ್ಟ ನೀರಿಂದ್ಲೇ. ಅದಕ್ಕೆ ಹೊಸ ಸೂಜಿ ಬೇಡ, ಮಗುವಿಗೆ ಹೊಸ ನೋವಿಲ್ಲ, ಹೇಗಿದ್ರೂ ಮೆಡುಲ್ಲೋಬ್ಲಾಸ್ಟೋಮಾ ಮಗುವಿಗೆ ಹರಡಿದ್ಯಾ ನೋಡೋಕೆ ಸರ್ಜರಿ ಆದ ಸುಮಾರು ಎರಡು ವಾರಕ್ಕೆ ಎಲ್‌ಪಿ ಆಗೇ ಆಗುತ್ತೆ. "ಬೆನ್ನಿಂದ ನೀರು ತೆಗೆದ್ರೆ ಸೊಂಟ ಬಿದ್ದೋಗುತ್ತೆ" ಅಂತ ನಮ್ಮ ಕಡೆ ಒಂದು ಭಯ ಇದೆ, ಸೂಜಿ ಹಾಕೋದು ಬೆನ್ನುಹುರಿ ಮುಗಿದು ಅದಕ್ಕಿಂತ ಕೆಳಗಿರೋ ಜಾಗದಲ್ಲಿ, ಲ್ಯುಕೀಮಿಯಾ ಮಕ್ಕಳಿಗಂತೂ ಚಿಕಿತ್ಸೆ ಉದ್ದಕ್ಕೂ ಎಷ್ಟೋ ಸಲ ಹಾಕ್ತಾರೆ, ಓಡಾಡ್ಕೊಂಡೇ ಇರ್ತಾವೆ.

ಇಲ್ಲಿಂದ ನನ್ನ ವಾದ. ಹಾಸನದಿಂದ ಬೆಂಗಳೂರಿಗೆ ಸುಮಾರು 180 ಕಿಲೋಮೀಟರ್, ಮೂಡಿಗೆರೆ ಕಡೆಯಿಂದ ಅದಕ್ಕಿಂತ ಬಹಳ ಜಾಸ್ತಿ. ಎಸ್ಟೇಟಲ್ಲಿ ಕೂಲಿ ಮಾಡೋ ಅಪ್ಪ ಅಮ್ಮ ಮಗು ಕರ್ಕೊಂಡು ನಿಮ್ಹಾನ್ಸಿಗೆ ಕಿದ್ವಾಯಿಗೆ ಹೋಗ್ಬೇಕಂದ್ರೆ ಇಬ್ಬರ ಕೂಲಿ ಹೋಯ್ತು, ರಾತ್ರಿ ಬಸ್ಸು, ಬೆಳಗ್ಗೆ ಚೀಟಿಗೆ ಕ್ಯೂ, ಮಗು ಸಣ್ಣದಾದ್ರೆ ಎಂಆರ್‌ಐಗೆ ನಿದ್ದೆ ಬರಿಸ್ಬೇಕು ಅಂತ ಹೊಟ್ಟೆ ಖಾಲಿ ಇಟ್ಕೊಂಡು ಕಾಯ್ಬೇಕು. ಸರ್ಜರಿ ರೇಡಿಯೇಷನ್‌ಗೆ ಹೋಗ್ಲೇಬೇಕು, ಅದನ್ನ ತಪ್ಪಿಸೋಕಾಗಲ್ಲ. ಆದ್ರೆ ಆಮೇಲಿನ ವರ್ಷಗಳ ಫಾಲೋಅಪ್ ಇದ್ಯಲ್ಲ, ಅಲ್ಲಿ ಎಷ್ಟೋ ಮನೆಯೋರು "ಮಗು ಆಟ ಆಡ್ಕೊಂಡು ಚೆನ್ನಾಗೇ ಇದೆ" ಅಂತ ನಿಲ್ಲಿಸ್ಬಿಡ್ತಾರೆ. ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೋ ಚಿಕ್ಕಮಗಳೂರಿನದರಲ್ಲೋ ಮಕ್ಕಳ ಡಾಕ್ಟರ್ ಎಲ್‌ಪಿ ಮಾಡಿ, ನೀರು ತಿರುಗಿಸಿ, ಫ್ರೀಜ್ ಮಾಡಿ, ಡ್ರೈ ಐಸಲ್ಲಿ ಬೆಂಗಳೂರಿಗೆ ಕಳ್ಸಿದ್ರೆ ಮಗು ಬದ್ಲು ಡಬ್ಬಿ ಪ್ರಯಾಣ ಮಾಡುತ್ತೆ. ಎಲ್‌ಪಿ ಮಾಡೋಕೆ ಬರೋ ಡಾಕ್ಟರು, ಸೆಂಟ್ರಿಫ್ಯೂಜು, ಫ್ರೀಜರು, ಇದ್ಯಾವ್ದೂ ಜಿಲ್ಲೆಗೆ ಹೊಸದಲ್ಲ, ಕೋವಿಡ್ ಟೈಮಲ್ಲಿ ಕೋಲ್ಡ್ ಚೈನ್‌ನಲ್ಲಿ ದಿನಾ ಸ್ಯಾಂಪಲ್ ಕಳ್ಸಿದ ಜಿಲ್ಲೆಗಳಿವು. ಇಲ್ದಿರೋದು ಆ ಕಡೆ ತಗೊಂಡು ರೂಢಿಯಾಗಿ ರಿಪೋರ್ಟ್ ಕೊಡೋ ವ್ಯವಸ್ಥೆ, ಮತ್ತೆ ಈ ಕಡೆ "ಚೆಲ್ಬೇಡಿ" ಅಂತ ಬರೆದಿರೋ ಒಂದು ಪ್ರೋಟೋಕಾಲ್.

ಅದು ಆಗೋಕೆ ಟೈಮ್ ಹಿಡಿಯುತ್ತೆ, ಈ ಟೆಸ್ಟ್ ಹೊರದೇಶಗಳಲ್ಲೂ ಬಹಳಷ್ಟು ಕಡೆ ಇನ್ನೂ ಅಧ್ಯಯನದ ಹಂತದಲ್ಲೇ ಇದೆ. ನೆದರ್ಲೆಂಡ್ಸ್‌ನೋರು 2023ರಲ್ಲಿ ಇನ್ನೊಂದು ದಾರಿ ತೋರಿಸಿದ್ರು, ಆಪರೇಷನ್ ನಡೀವಾಗ್ಲೇ ಚೂರು ತಗೊಂಡು ನ್ಯಾನೋಪೋರ್ ಅನ್ನೋ ಡಿಎನ್‌ಎ ಓದೋ ಮಿಷನ್‌ನಲ್ಲಿ ಓದಿಸಿ 90 ನಿಮಿಷದೊಳಗೆ ಗೆಡ್ಡೆ ಜಾತಿ ಹೇಳೋದು, 25 ಆಪರೇಷನ್‌ಗಳಲ್ಲಿ 18ಕ್ಕೆ ಸರಿ ಉತ್ತರ ಬಂತು, ಉಳಿದ 7ಕ್ಕೆ ಸಾಫ್ಟ್‌ವೇರ್ ಖಚಿತ ಇಲ್ಲ ಅಂತ ಸುಮ್ನಾಯ್ತು. ಸುಮ್ನಾಗೋದು ಗೊತ್ತಿರೋ ಸಾಫ್ಟ್‌ವೇರ್ ನಂಗಿಷ್ಟ. ಉಪಯೋಗ ಏನಂದ್ರೆ ಎಷ್ಟು ಕೆರೆದು ತೆಗೀಬೇಕು ಎಲ್ಲಿ ನಿಲ್ಲಿಸ್ಬೇಕು ಅಂತ ಸರ್ಜನ್‌ಗೆ ಟೇಬಲ್ ಮೇಲೇ ಗೊತ್ತಾಗುತ್ತೆ.

ಅಲ್ಲಿವರೆಗೂ ನಮ್ಮಲ್ಲಿ ಇವತ್ತೇ ಸಿಗೋ, ಮಗುವಿಗೆ ಏನೂ ನೋವಿಲ್ಲದ ಮಾಲಿಕ್ಯುಲರ್ ಟೆಸ್ಟ್ ಒಂದಿದೆ, ಅದು ಬ್ಲಾಕ್. ಆಪರೇಷನ್‌ನಲ್ಲಿ ತೆಗೆದ ಗೆಡ್ಡೆಯನ್ನ ಮೇಣದಲ್ಲಿ ಕೂರಿಸಿ ಇಟ್ಟಿರ್ತಾರೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ವರ್ಷಗಟ್ಲೆ ಕೆಡಲ್ಲ. ಅದರಿಂದ ತೆಳ್ಳಗೆ ಹೆರೆದು ಐಎಚ್‌ಸಿ ಅನ್ನೋ ಬಣ್ಣದ ಟೆಸ್ಟ್ ಮಾಡಿದ್ರೆ ಕೆ27ಎಂ, ಬಿಆರ್‌ಎಎಫ್ ವಿ600ಇ, ಡಬ್ಲ್ಯೂಎನ್‌ಟಿಗೆ ಬೀಟಾ ಕ್ಯಾಟೆನಿನ್ ಇಷ್ಟೆಲ್ಲ ತಿಳಿಯುತ್ತೆ, ಡಿಎನ್‌ಎ ಅಕ್ಷರ ಓದೋ ಸೀಕ್ವೆನ್ಸಿಂಗ್‌ಗೆ ಹೋಲಿಸಿದ್ರೆ ಖರ್ಚು ಬಹಳ ಕಮ್ಮಿ. ಟಾಟಾ ಮೆಮೋರಿಯಲ್‌ನ ಸಂಶೋಧನಾ ಕೇಂದ್ರ ಆಕ್ಟ್ರೆಕ್‌ನ ವಿಜ್ಞಾನಿಗಳು 2013ರಲ್ಲೇ ಇಂಥ ಮೇಣದ ಬ್ಲಾಕಿಂದ್ಲೇ ಮೆಡುಲ್ಲೋಬ್ಲಾಸ್ಟೋಮಾದ ನಾಲ್ಕು ಗುಂಪು ಬೇರೆ ಮಾಡೋ ಪಿಸಿಆರ್ ಟೆಸ್ಟ್ ಮಾಡಿ ತೋರಿಸಿದ್ರು. ಡಿಸ್ಚಾರ್ಜ್ ಆಗೋವಾಗ ಬಿಲ್ಲು, ಸಿಡಿ, ರಿಪೋರ್ಟ್ ಎಲ್ಲ ಕೇಳಿ ಇಸ್ಕೊಳ್ಳೋ ಜನ ಬ್ಲಾಕ್ ನಂಬರ್ ಮಾತ್ರ ಕೇಳಲ್ಲ.

ಇನ್ನು ಟೆಸ್ಟಿಗಿಂತ ಮುಂಚೆ ಕಳೆದುಹೋಗೋ ಟೈಮ್. ಬ್ರಿಟನ್‌ನಲ್ಲಿ 2011ರಲ್ಲಿ ಹೆಡ್‌ಸ್ಮಾರ್ಟ್ ಅಂತ ಒಂದು ಅಭಿಯಾನ ಮಾಡಿ ಲಕ್ಷಣಗಳ ಸಣ್ಣ ಕಾರ್ಡು ಹಂಚಿದ್ರು, ಲಕ್ಷಣ ಶುರುವಾಗಿ ಕಾಯಿಲೆ ಪತ್ತೆ ಆಗೋವರೆಗಿನ ಸಮಯ ಅದಕ್ಕೆ ಮುಂಚೆ ಇದ್ದ 14.4 ವಾರದಿಂದ ಕೆಲವೇ ವರ್ಷದಲ್ಲಿ 6.7 ವಾರಕ್ಕೆ ಇಳೀತು. ಯಾವ ಡಿಎನ್‌ಎ ಮಿಷನ್ನೂ ಇರಲಿಲ್ಲ ಅದ್ರಲ್ಲಿ. ಬೆಳಗ್ಗೆ ಎದ್ದ ತಕ್ಷಣ ವಾಂತಿ, ವಾರಗಟ್ಲೆ ಬಿಡದ ತಲೆನೋವು, ಹೊಸದಾಗಿ ಮೆಳ್ಳೆಗಣ್ಣು, ನಡೆಯೋವಾಗ ತೂರಾಡೋದು, ಕತ್ತು ಒಂದು ಕಡೆ ವಾಲಿಸ್ಕೊಂಡೇ ಇರೋದು. ನಮ್ಮ ಕಡೆ ಇದಕ್ಕೆ ಮೊದ್ಲು ದೃಷ್ಟಿ ತೆಗೀತಾರೆ, ಆಮೇಲೆ ಪಿತ್ತ ಅಂತಾರೆ, ಆಮೇಲೆ ಗ್ಯಾಸ್ಟ್ರಿಕ್ ಸಿರಪ್, ಆಮೇಲೆ ಕನ್ನಡಕ, ಸ್ಕ್ಯಾನ್ ಕೊನೇಲಿ ಬರುತ್ತೆ. ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿ ಟೀಚರ್‌ಗಳಿಗೆ ಈ ಐದು ಲಕ್ಷಣ ಹೇಳ್ಕೊಡೋಕೆ ಬಜೆಟ್ ಬೇಕಾಗಲ್ಲ.

ಈಗಾಗ್ಲೇ ಮಗುವಿಗೆ ಚಿಕಿತ್ಸೆ ನಡೀತಿರೋ ಮನೆಯೋರು ಡಾಕ್ಟರ್ ಹತ್ರ ಕೇಳಬಹುದಾದ್ದು ಇಷ್ಟು: ಗೆಡ್ಡೆಯ ಮಾಲಿಕ್ಯುಲರ್ ಗುಂಪು ಯಾವುದು, ಗೊತ್ತಿಲ್ದಿದ್ರೆ ಬ್ಲಾಕಿಂದ ಮಾಡಿಸಬಹುದಾ, ಮುಂದಿನ ಎಲ್‌ಪಿ ದಿನ ಸೈಟಾಲಜಿ ಆದ್ಮೇಲೆ ಉಳಿಯೋ ನೀರನ್ನ ಎತ್ತಿಡೋ ವ್ಯವಸ್ಥೆ ಇದ್ಯಾ, ಇಂಥ ಅಧ್ಯಯನ ಯಾವುದಾದ್ರೂ ನಡೀತಿದ್ರೆ ನಮ್ಮ ಮಗು ಸೇರಬಹುದಾ. ದುಡ್ಡು ಕಟ್ಟೋ ಮುಂಚೆ ಆಸ್ಪತ್ರೆಯ ಆರೋಗ್ಯ ಮಿತ್ರರ ಕೌಂಟರಲ್ಲಿ ಆ ಟೆಸ್ಟ್ ಆಯುಷ್ಮಾನ್ ಪ್ಯಾಕೇಜ್ ಒಳಗೆ ಬರುತ್ತಾ ಅಂತ ವಿಚಾರಿಸಿ, ರೇಷನ್ ಕಾರ್ಡು ಆಧಾರ್ ಜೊತೇಲಿ ಇಟ್ಕೊಂಡೇ ಹೋಗಿ.